ಬಾಗಿಲು ತಟ್ಟುವ ಮಕ್ಕಳು, ಡಿಕ್ಕಿ ತೆರೆಯುವ ದೊಡ್ಡವರು

ಅಕ್ಟೋಬರ್ 31ರ ಸಂಜೆ ಅಮೆರಿಕದ ಯಾವುದಾದರೂ ಸಣ್ಣ ಊರಿನ ಚರ್ಚಿನ ಹಿಂಬದಿಯ ಬಯಲಿಗೆ ಹೋದರೆ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ಕಾರುಗಳೆಲ್ಲ ಬೆನ್ನು ತೋರಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಡಿಕ್ಕಿಯೂ ತೆರೆದಿರುತ್ತದೆ. ಒಳಗೆ ಬಣ್ಣದ ಕಾಗದ, ಹತ್ತಿಯಲ್ಲಿ ಮಾಡಿದ ಜೇಡರ ಬಲೆ, ಕಣ್ಣು ಬಾಯಿ ಕೊರೆದ ಕುಂಬಳಕಾಯಿ, ಪಕ್ಕದಲ್ಲೊಂದು ಬುಟ್ಟಿ ಮಿಠಾಯಿ. ದೆವ್ವ, ಮಾಟಗಾತಿ, ರಾಜಕುಮಾರಿ, ಸ್ಪೈಡರ್‌ಮ್ಯಾನ್ ವೇಷದ ಮಕ್ಕಳು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಓಡುತ್ತಾರೆ. ಅರ್ಧ ಗಂಟೆಯಲ್ಲಿ ಚೀಲ ತುಂಬುತ್ತದೆ. ಫೋಟೋ ತೆಗೆದುಕೊಂಡು ಎಲ್ಲರೂ ಅದೇ ಕಾರು ಹತ್ತಿ ಮನೆ ಸೇರುತ್ತಾರೆ.

ಇದಕ್ಕೆ ಅಲ್ಲಿ 'ಟ್ರಂಕ್ ಆರ್ ಟ್ರೀಟ್' ಎಂದು ಹೆಸರು. ಹ್ಯಾಲೋವೀನ್ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆ ಬಾಗಿಲು ತಟ್ಟಿ, 'ತಿಂಡಿ ಕೊಡ್ತೀರೋ, ಕೀಟಲೆ ಮಾಡಬೇಕೋ' ಎಂದು ಕೇಳುವ 'ಟ್ರಿಕ್ ಆರ್ ಟ್ರೀಟ್' ಪದ್ಧತಿಗೆ ಇದು ಬದಲಿ. 1990ರ ದಶಕದಲ್ಲಿ ಚರ್ಚುಗಳ ಅಂಗಳದಲ್ಲಿ ಹರಡಿದ ಈ ಬದಲಿ ಏರ್ಪಾಡು ಈಗ ಶಾಲೆ, ಪೊಲೀಸ್ ಠಾಣೆ, ವ್ಯಾಪಾರ ಮಳಿಗೆಗಳ ಅಂಗಳಕ್ಕೂ ಬಂದಿದೆ. ಸುರಕ್ಷಿತ, ಸಮುದಾಯಸ್ನೇಹಿ ಎಂಬುದು ಅದಕ್ಕೆ ಸಿಗುವ ಹೊಗಳಿಕೆ.

ಹ್ಯಾಲೋವೀನ್ ನಮ್ಮ ಹಬ್ಬವಲ್ಲ, ಅದರ ಬದಲಿಯ ಉಸಾಬರಿ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮದಲ್ಲ, ನಿಜ. ಆದರೆ ಈಗ ಅಮೆರಿಕದ ಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಮುಸ್ಲಿಂ ಕುಟುಂಬಗಳಲ್ಲಿ ಪ್ರತಿ ಅಕ್ಟೋಬರಿಗೂ ಈ ಮಾತು ಬರುತ್ತದೆ. ಶಾಲೆಯಲ್ಲಿ ಎಲ್ಲರೂ ಯಾವ ವೇಷ ಎಂದು ಮಾತಾಡುವಾಗ ಮಗು ಮನೆಗೆ ಬಂದು 'ನಾನು?' ಎನ್ನುತ್ತದೆ. ಕಳಿಸಬೇಕೋ, ಬೇಡವೋ? ಬೇಡವೆಂದರೆ ಬದಲಿಗೆ ಏನು? ಅನೇಕ ಮಸೀದಿಗಳು ಆ ಸಂಜೆ ಮಕ್ಕಳಿಗೆ ಆಟ, ಪಿಜ್ಜಾ, ಬಹುಮಾನಗಳ ಕೂಟ ಏರ್ಪಡಿಸುತ್ತವೆ. ಚರ್ಚಿನವರು ಡಿಕ್ಕಿ ತೆರೆದದ್ದೂ ಮಸೀದಿಯವರು ಸಭಾಂಗಣ ತೆರೆದದ್ದೂ ಬಹುತೇಕ ಒಂದೇ ಕಾರಣಕ್ಕೆ. ಈ ಬದಲಿಗಳು ಸಮುದಾಯವನ್ನು ಕಟ್ಟುತ್ತಿವೆಯೋ, ಸಮುದಾಯದ ಸುತ್ತ ಬೇಲಿ ಕಟ್ಟುತ್ತಿವೆಯೋ ಎಂಬುದು ನಮ್ಮ ಪ್ರಶ್ನೆ.

ಮೊದಲಿಗೆ ಒಂದು ಸಂಗತಿ. ಮನೆ ಮನೆ ತಿರುಗುವ ಈ ಪದ್ಧತಿ ಕೂಡ ಒಂದು ಕಾಲದಲ್ಲಿ ಬದಲಿ ಏರ್ಪಾಡಾಗಿಯೇ ಬೆಳೆದದ್ದು. ಅದರ ಬೇರು ಹಳೆಯದೇ. ಕ್ರೈಸ್ತರು ನವೆಂಬರ್ 1ರಂದು ಸಂತರನ್ನೂ 2ರಂದು ತೀರಿಹೋದವರನ್ನೂ ನೆನೆಯುವ ದಿನಗಳಲ್ಲಿ, ಇಂಗ್ಲೆಂಡಿನ ಬಡವರೂ ಮಕ್ಕಳೂ ಉಳ್ಳವರ ಮನೆಗೆ ಹೋಗಿ, ಸತ್ತವರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ ಸಿಹಿ ರೊಟ್ಟಿ ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ವೇಷ ಹಾಕಿದ ಮಕ್ಕಳು ಬಾಗಿಲಲ್ಲಿ ನಿಂತು ಹಾಡನ್ನೋ ನಗೆಮಾತನ್ನೋ ಒಪ್ಪಿಸಿ, ಹಣ್ಣು ಕಾಯಿ ಪಡೆಯುತ್ತಿದ್ದರು. ಅಲ್ಲಿಂದ ವಲಸೆ ಹೋದವರ ಜೊತೆಗೆ ಇದು ಅಮೆರಿಕಕ್ಕೆ ಹೋಯಿತು. ಆದರೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಹ್ಯಾಲೋವೀನ್ ಎಂದರೆ ಪಡ್ಡೆ ಹುಡುಗರ ಪುಂಡಾಟ. ಬೇಲಿಯ ಗೇಟು ಕೀಳುವುದು, ಕಿಟಕಿ ಗಾಜು ಒಡೆಯುವುದು, ಬೀದಿದೀಪ ಒಡೆಯುವುದು. ಮಿನೆಸೋಟಾ ರಾಜ್ಯದ ಅನೋಕಾ ಎಂಬ ಊರಿನವರು ಇದಕ್ಕೆ ರೋಸಿಹೋಗಿ 1920ರಲ್ಲಿ ಹುಡುಗರನ್ನೆಲ್ಲ ಸೇರಿಸಿ ಮೆರವಣಿಗೆ ಹೊರಡಿಸಿದರು. 1920ರ ದಶಕದ ಕೆನಡಾದ ಪತ್ರಿಕೆಗಳಲ್ಲಿ 'ಟ್ರಿಕ್ ಆರ್ ಟ್ರೀಟ್' ಎಂಬ ಮಾತು ಕಾಣುತ್ತದೆ. ಅದರ ಅರ್ಥ ನೇರ: ತಿಂಡಿ ಕೊಟ್ಟರೆ ನಿಮ್ಮ ಗೇಟು ಉಳಿಯುತ್ತದೆ. ಎರಡನೇ ಮಹಾಯುದ್ಧ ಮುಗಿದು, 1947ರಲ್ಲಿ ಸಕ್ಕರೆಯ ರೇಷನ್ ಹೋದ ಮೇಲೆ ಈ ರಾಜಿ ಇಡೀ ದೇಶದ ಸಂಪ್ರದಾಯವಾಯಿತು. ಮಿಠಾಯಿ ಕಂಪೆನಿಗಳಿಗೆ ಅದರಿಂದ ಆದ ಲಾಭದ ಬಗ್ಗೆ ಬೇರೆ ಹೇಳಬೇಕಿಲ್ಲ.

ಪುಂಡಾಟ ಬಿಡಿಸಲು ಊರಿನವರು ಮಾಡಿದ ಉಪಾಯವೇನು? ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಲಿಲ್ಲ, ಬಾಗಿಲು ತೆರೆದರು. ನಿನ್ನೆ ಗಾಜು ಒಡೆದವನ ತಮ್ಮ ಇಂದು ಮೆಟ್ಟಿಲ ಮೇಲೆ ನಿಂತು ಕೈ ಚಾಚಿದ, ಒಳಗಿನ ಅಜ್ಜಿ ಅವನ ಹೆಸರು ಕೇಳಿದಳು.

ಈ ಬಾಗಿಲು ಮುಚ್ಚತೊಡಗಿದ್ದು ಹೇಗೆ ಎಂಬುದು ಹೆದರಿಕೆಯ ಕತೆ. ಟೆಕ್ಸಾಸ್‌ನಲ್ಲಿ 1974ರ ಹ್ಯಾಲೋವೀನ್ ರಾತ್ರಿ ಎಂಟು ವರ್ಷದ ಬಾಲಕನೊಬ್ಬ ಸಯನೈಡ್ ಬೆರೆಸಿದ ಮಿಠಾಯಿ ಪುಡಿ ತಿಂದು ಸತ್ತ. ಯಾರೋ ಅಪರಿಚಿತರು ವಿಷ ಹಾಕಿ ಕೊಟ್ಟರೆಂದು ಊರು ನಡುಗಿತು. ತನಿಖೆಯಲ್ಲಿ ತಿಳಿದದ್ದು ಬೇರೆ. ವಿಷ ಹಾಕಿದ್ದು ಸ್ವಂತ ತಂದೆ ರೊನಾಲ್ಡ್ ಓಬ್ರಿಯನ್, ವಿಮೆಯ ಹಣಕ್ಕಾಗಿ. 1984ರಲ್ಲಿ ಅವನಿಗೆ ಮರಣದಂಡನೆ ಜಾರಿಯಾಯಿತು. 1982ರಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ನೋವಿನ ಗುಳಿಗೆಗಳಿಗೆ ಸಯನೈಡ್ ತುಂಬಿಟ್ಟರು. ಏಳು ಮಂದಿ ಸತ್ತರು. ಹ್ಯಾಲೋವೀನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅದು ನಡೆದದ್ದು ಹಬ್ಬಕ್ಕೆ ಒಂದೇ ತಿಂಗಳ ಮೊದಲು. ಆ ವರ್ಷ ಹಲವು ಊರುಗಳು ಮಕ್ಕಳನ್ನು ಬೀದಿಗೆ ಬಿಡಬೇಡಿರೆಂದು ಸಾರಿದವು. ಮಕ್ಕಳ ಚೀಲಗಳನ್ನು ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಹಿಡಿದು ನೋಡುವ ಕಾಲವೂ ಬಂತು.

ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ ಈ ಹೆದರಿಕೆಯನ್ನೇ ಹಿಡಿದು ಕೂತರು. 1958ರಿಂದ ಮುಂದಿನ ಪತ್ರಿಕಾ ವರದಿಗಳನ್ನು ಹೆಕ್ಕಿ, ಜೆರಾಲ್ಡ್ ಹೊರಿಯುಚಿಯವರ ಜೊತೆ 1985ರಲ್ಲಿ ಲೇಖನ ಬರೆದರು. ಅಪರಿಚಿತರು ಹಬ್ಬದ ಮಿಠಾಯಿಯಲ್ಲಿ ವಿಷವಿಟ್ಟು ಮಗುವನ್ನು ಕೊಂದ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಗಲಿಲ್ಲ. ಆಮೇಲೂ ವರ್ಷ ವರ್ಷ ನೋಡುತ್ತಲೇ ಬಂದರು, ಸಿಗಲಿಲ್ಲ. ಸೇಬಿನೊಳಗಿನ ಬ್ಲೇಡು ಇಂದಿಗೂ ತಾಯಂದಿರ ಬಾಯಲ್ಲಿದೆ.

ಹಾಗಾದರೆ ಆ ಸಂಜೆ ಅಪಾಯವೇ ಇಲ್ಲವೇ? ಇದೆ. ಅದು ಬಾಗಿಲ ಹಿಂದಿಲ್ಲ, ಬೀದಿಯ ಮೇಲಿದೆ. ಅಮೆರಿಕದ 1975ರಿಂದ 2016ರವರೆಗಿನ ರಸ್ತೆ ಅಪಘಾತದ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಅಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಹಿಂದಿನ ಮತ್ತು ಮುಂದಿನ ವಾರದ ಅದೇ ಸಂಜೆಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯುವ ಸಂಭವ ಶೇ. 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು. ಅಂದರೆ ಮಕ್ಕಳನ್ನು ಕೊಲ್ಲುವುದು ನೆರೆಮನೆಯ ಮುದುಕಿಯ ಮಿಠಾಯಿಯಲ್ಲ, ಕಾರು.

ಈಗ ಡಿಕ್ಕಿಯ ಸಾಲನ್ನು ಇನ್ನೊಮ್ಮೆ ನೋಡೋಣ. ಕೊಲ್ಲುವ ಕಾರೇ ಇಲ್ಲಿ ಮನೆಯಾಗಿದೆ, ಅದರ ಡಿಕ್ಕಿಯೇ ಬಾಗಿಲಾಗಿದೆ! ಮಕ್ಕಳು ರಸ್ತೆಯ ಮೇಲಿಲ್ಲ, ಆದ್ದರಿಂದ ಸುರಕ್ಷಿತ ಎಂಬುದನ್ನು ಒಪ್ಪೋಣ. ಗಾಲಿಕುರ್ಚಿಯ ಮಗುವಿಗೆ ಮನೆ ಮನೆಯ ಮೆಟ್ಟಿಲು ಹತ್ತುವುದಕ್ಕಿಂತ ಸಮತಟ್ಟು ನೆಲದ ಮೇಲೆ ತಿರುಗುವುದು ಸುಲಭ, ಅದೂ ನಿಜ. ಒಂದು ಮೈಲಿಗೆ ನಾಲ್ಕೇ ಮನೆಗಳಿರುವ ಹಳ್ಳಿಗಾಡಿನಲ್ಲಿ ಬೇರೆ ದಾರಿಯೂ ಇಲ್ಲ. ಈ ಮೂವರಿಗಾಗಿ ಡಿಕ್ಕಿ ತೆರೆದವರನ್ನು ನಾವು ಮೆಚ್ಚುತ್ತೇವೆ. ಆದರೆ ಮನೆಗಳು ಒತ್ತೊತ್ತಾಗಿರುವ ಪೇಟೆಗಳಲ್ಲೂ ಇದೇ ರೂಢಿಯಾದಾಗ ಏನಾಗುತ್ತದೆ? ಅಂಗಳಕ್ಕೆ ಕಾರು ತರುವವರು ಒಂದೇ ಚರ್ಚಿನವರು ಅಥವಾ ಒಂದೇ ಶಾಲೆಯವರು, ಮೊದಲೇ ಒಬ್ಬರನ್ನೊಬ್ಬರು ಬಲ್ಲವರು. ಬೀದಿಯಲ್ಲಿ ಒಂಟಿಯಾಗಿರುವ ವಿಧವೆ, ಮೊನ್ನೆ ಬಾಡಿಗೆಗೆ ಬಂದ ಸೊಮಾಲಿ ಕುಟುಂಬ, ಕಾರಿಲ್ಲದ ಬಡವ, ಈ ಮೂವರೂ ಪಟ್ಟಿಯಲ್ಲಿಲ್ಲ. ಬುಟ್ಟಿ ತುಂಬ ಮಿಠಾಯಿ ಇಟ್ಟುಕೊಂಡು ಕಾದ ಮುದುಕ ರಾತ್ರಿ ಎಂಟಕ್ಕೆ ದೀಪ ಆರಿಸುತ್ತಾನೆ.

ಇಲ್ಲಿಗೇ ನಿಲ್ಲಿಸಿದರೆ ನಮ್ಮ ಮಾತು ಸುಲಭದ ಮಾತಾಗುತ್ತದೆ. ಅಪರಿಚಿತನ ಬಾಗಿಲು ಎಲ್ಲ ಮಕ್ಕಳಿಗೂ ಒಂದೇ ರೀತಿ ತೆರೆಯುವುದಿಲ್ಲ. 1992ರ ಅಕ್ಟೋಬರ್ 17ರಂದು ಲೂಸಿಯಾನಾದ ಬ್ಯಾಟನ್ ರೂಜ್ ಎಂಬಲ್ಲಿ ಜಪಾನಿನಿಂದ ಓದಲು ಬಂದಿದ್ದ ಹದಿನಾರರ ಯೊಶಿಹಿರೊ ಹಟ್ಟೋರಿ ಹ್ಯಾಲೋವೀನ್ ಕೂಟಕ್ಕೆಂದು ವೇಷ ಹಾಕಿಕೊಂಡು ಹೊರಟು, ತಪ್ಪಿ ಬೇರೊಂದು ಮನೆಯ ಗಂಟೆ ಒತ್ತಿದ. ಮನೆಯೊಡೆಯ ಬಂದೂಕಿನಿಂದ ಗುಂಡು ಹಾರಿಸಿ ಕೊಂದ. ಮರುವರ್ಷ ಕ್ರಿಮಿನಲ್ ಮೊಕದ್ದಮೆಯಲ್ಲಿ ಅವನ ಬಿಡುಗಡೆಯೂ ಆಯಿತು. ಬಂದೂಕು ಮನೆ ಮನೆಯಲ್ಲಿರುವ ದೇಶದಲ್ಲಿ, ಕಂದು ಅಥವಾ ಕಪ್ಪು ಬಣ್ಣದ ಹುಡುಗನ ತಾಯಿ 'ಅಪರಿಚಿತರ ಮನೆಗೆ ಹೋಗಬೇಡ' ಎಂದರೆ ಅದನ್ನು ಸೇಬಿನೊಳಗಿನ ಬ್ಲೇಡಿನ ಕತೆಯೊಂದಿಗೆ ಸೇರಿಸುವ ಹಕ್ಕು ನಮಗಿಲ್ಲ.

ಇನ್ನೂ ಹತ್ತಿರದ ನೋವೊಂದಿದೆ. 2023ರ ಅಕ್ಟೋಬರ್ 14ರಂದು ಇಲಿನಾಯ್ಸ್‌ನ ಪ್ಲೇನ್‌ಫೀಲ್ಡ್‌ನಲ್ಲಿ ಪ್ಯಾಲೆಸ್ತೀನ್ ಮೂಲದ ಆರು ವರ್ಷದ ಬಾಲಕ ವದೀಅ ಅಲ್ ಫಯೂಮ್‌ನನ್ನು ಚೂರಿಯಿಂದ ಇರಿದು ಕೊಂದದ್ದು ಅವರ ಬಾಡಿಗೆ ಮನೆಯ ಮಾಲೀಕ. ತಾಯಿಯೂ ತೀವ್ರ ಗಾಯಗೊಂಡರು. ಅವರು ಮುಸ್ಲಿಮರೆಂಬ ದ್ವೇಷದಿಂದ ನಡೆದ ಕೊಲೆಯೆಂದು 2025ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಆ ಕೊಲೆ ನಡೆದು ಎರಡೂವರೆ ವಾರಕ್ಕೆ ಹ್ಯಾಲೋವೀನ್. ಆ ಸಂಜೆ ಮಗುವಿನ ಕೈ ಹಿಡಿದು ನಿಂತ ತಂದೆಗೆ ಮಸೀದಿಯ ಸಭಾಂಗಣ ತವರಿನಂತೆ ಕಂಡಿದ್ದರೆ ಯಾರು ತಪ್ಪು ಹೇಳಬಲ್ಲರು?

ಆದರೆ ಈ ಘಟನೆಯನ್ನು ನೋಡುವ ಇನ್ನೊಂದು ಬಗೆಯೂ ಇದೆ. ಕೊಂದವನು ಅಪರಿಚಿತನಲ್ಲ, ಅದೇ ಮನೆಯಲ್ಲಿ ವಾಸವಿದ್ದವನು. ಕೇಳಿದ ಸುದ್ದಿ ತಲೆಗೇರಿ, ಕಣ್ಣೆದುರಿನ ಮಗು ಮರೆಯಾಗಿ ಶತ್ರು ಕಂಡಿತು. ಕಣ್ಣೆದುರಿನ ಮಗು ಹಾಗೆ ಮರೆಯಾಗದಿರಲು ಏನು ಮಾಡಬೇಕೆಂಬ ಪ್ರಶ್ನೆಗೆ ಸಭಾಂಗಣದ ಪಿಜ್ಜಾ ಉತ್ತರವಾಗಲಾರದು. ಬಾಗಿಲು ತಟ್ಟಿದರೆ ಉತ್ತರ ಸಿಕ್ಕೇ ಸಿಗುತ್ತದೆ ಎಂದೂ ನಾವು ಹೇಳುತ್ತಿಲ್ಲ.

ಬದಲಿಗಳಲ್ಲಿ ತೀರ ಕೆಟ್ಟದ್ದೂ ಒಂದಿದೆ. ಕೆಲವು ಇವಾಂಜೆಲಿಕಲ್ ಚರ್ಚುಗಳು 'ಹೆಲ್ ಹೌಸ್' ಎಂಬ ನರಕದ ಮನೆ ಕಟ್ಟಿ, ಗರ್ಭಪಾತ ಮಾಡಿಸಿಕೊಂಡವರನ್ನೂ ಸಲಿಂಗಿಗಳನ್ನೂ ಬೆಂಕಿಗೆ ದೂಡುವ ದೃಶ್ಯಗಳನ್ನು ಹರೆಯದವರಿಗೆ ತೋರಿಸುತ್ತವೆ. ಟೆಕ್ಸಾಸ್‌ನ ಅಂತಹ ಒಂದು ಪ್ರದರ್ಶನದ ಬಗ್ಗೆ 2001ರಲ್ಲಿ ಸಾಕ್ಷ್ಯಚಿತ್ರವೂ ಬಂದಿದೆ. ದೆವ್ವದ ಹಬ್ಬ ಬೇಡವೆಂದವರು ದೆವ್ವಕ್ಕಿಂತ ಭಯಂಕರವಾದುದನ್ನು ಕಟ್ಟಿದರು. ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ನಮಗೆ ಇಷ್ಟವಾದ ಬದಲಿಗಳು ಬಾಗಿಲನ್ನು ಉಳಿಸಿಕೊಂಡೇ ಹಬ್ಬವನ್ನು ತಿದ್ದಿದವು. ಫಿಲಡೆಲ್ಫಿಯಾದಲ್ಲಿ 1950ರಲ್ಲಿ ಕ್ಲೈಡ್ ಆಲಿಸನ್ ಎಂಬ ಪಾದ್ರಿ ಮತ್ತು ಅವರ ಪತ್ನಿ, ಶಿಕ್ಷಕಿ ಮೇರಿ ಎಮ್ಮಾ ಅವರು ತಮ್ಮ ಮಕ್ಕಳ ಕೈಗೆ ಮಿಠಾಯಿ ಚೀಲದ ಬದಲು ಹಾಲಿನ ಖಾಲಿ ಡಬ್ಬಿ ಕೊಟ್ಟು, ಯುದ್ಧದಿಂದ ಬಳಲಿದ ದೇಶಗಳ ಮಕ್ಕಳಿಗಾಗಿ ಚಿಲ್ಲರೆ ಕೇಳಿಬರಲು ಕಳಿಸಿದರು. ಆ ರಾತ್ರಿ ಕೂಡಿದ್ದು 17 ಡಾಲರ್. ಅದನ್ನು ಯುನಿಸೆಫ್‌ಗೆ ಕಳಿಸಿದರು. ಮುಂದೆ ಆ ಡಬ್ಬಿ ಕಿತ್ತಳೆ ಬಣ್ಣದ ಪೆಟ್ಟಿಗೆಯಾಗಿ ದೇಶದ ಶಾಲೆಗಳಿಗೆಲ್ಲ ಹಬ್ಬಿ, ದಶಕಗಳಲ್ಲಿ 17 ಕೋಟಿ ಡಾಲರಿಗೂ ಮಿಕ್ಕಿ ಹಣ ಕೂಡಿಸಿತು. ಹಣಕ್ಕಿಂತ ನಮಗೆ ದೊಡ್ಡದಾಗಿ ಕಾಣುವುದು ಆ ಮಗು ಮೆಟ್ಟಿಲ ಮೇಲೆ ಆಡುವ ಮಾತು. 'ನನಗೆ ಕೊಡಿ' ಎಂಬುದು 'ಅವರಿಗೆ ಕೊಡಿ' ಎಂದಾಯಿತು. ಜಕಾತ್, ಸದಕಾದ ಬಗ್ಗೆ ಮದ್ರಸದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆನಡಾದಲ್ಲಿ 2006ರಿಂದ ಆ ಪೆಟ್ಟಿಗೆ ನಿಂತುಹೋದದ್ದು ಬೇಸರದ ಸಂಗತಿ.

ಇನ್ನೊಂದು ಟೆನೆಸ್ಸಿಯ ಪೂರ್ವಭಾಗದಲ್ಲಿ 2012ರಲ್ಲಿ ಹುಟ್ಟಿದ್ದು. ಅಮೆರಿಕದ ಮಕ್ಕಳಲ್ಲಿ ಸುಮಾರು ಹದಿಮೂರರಲ್ಲಿ ಒಬ್ಬರಿಗೆ ಯಾವುದಾದರೊಂದು ಆಹಾರದ ಅಲರ್ಜಿಯಿದೆ. ಶೇಂಗಾ, ಹಾಲು, ಮೊಟ್ಟೆ ಒಗ್ಗದ ಮಗುವಿಗೆ ಹ್ಯಾಲೋವೀನ್ ಚೀಲ ಎಂದರೆ ಮುಟ್ಟಬಾರದ ಚೀಲ. ಅಂತಹ ಮಕ್ಕಳ ತಾಯ್ತಂದೆಯರು ಹೂಡಿದ ಉಪಾಯ, ಮನೆಯೆದುರು ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಇಡುವುದು. ಆ ಬಣ್ಣ ಕಂಡರೆ ಒಳಗೆ ಪೆನ್ಸಿಲು, ಬಳಪ, ಸಣ್ಣ ಆಟಿಕೆಯೂ ಇದೆ ಎಂದರ್ಥ. 2014ರಲ್ಲಿ ಇದು ದೇಶವ್ಯಾಪಿಯಾಯಿತು. ಇಲ್ಲಿ ಗುರುತು ಹೊತ್ತಿರುವುದು ಮನೆ, ಮಗುವಲ್ಲ, ಇದನ್ನು ಗಮನಿಸಬೇಕು. ಆಟಿಸಂ ಇರುವ ಮಕ್ಕಳ ಕೈಗೆ ನೀಲಿ ಬಕೆಟು ಕೊಡುವ ಇನ್ನೊಂದು ಪದ್ಧತಿ ಇತ್ತೀಚೆಗೆ ಬಂದಿದೆ. ಸದುದ್ದೇಶದ್ದೇ. ಆದರೂ ಮಗುವಿನ ಕೈಯಲ್ಲಿ ಅದರ ಕೊರತೆಯ ಚೀಟಿ ಹಿಡಿಸಿದಂತೆ ಅದು ನಮಗೆ ಕಾಣುತ್ತದೆ. ಈ ನೀಲಿ-ಹಸಿರು ಕುಂಬಳಕಾಯಿಯ ಲಾಭ ಮುಸ್ಲಿಂ ಮಕ್ಕಳಿಗೂ ಇದೆ. ಹಂದಿ ಮೂಲದ ಜೆಲೆಟಿನ್ ಇರುವ ಮಿಠಾಯಿಗಳನ್ನು ಚೀಲದಿಂದ ಹೆಕ್ಕಿ ತೆಗೆಯುವುದು ಅಲ್ಲಿನ ಮುಸ್ಲಿಂ ತಾಯಂದಿರ ವಾಡಿಕೆಯ ಕೆಲಸ. ಪೆನ್ಸಿಲಿಗೆ ಹಲಾಲ್ ಹರಾಮಿನ ತಕರಾರಿಲ್ಲ.

ಕಾರಿನ ಅಪಾಯಕ್ಕೆ ಸರಿಯಾದ ಉತ್ತರ ಕೊಟ್ಟದ್ದು ನ್ಯೂಯಾರ್ಕ್. 2022ರಲ್ಲಿ ಆ ನಗರ ಹ್ಯಾಲೋವೀನ್ ಸಂಜೆಯ ಕೆಲವು ಗಂಟೆಗಳ ಕಾಲ ಸುಮಾರು ನೂರು ಬೀದಿಗಳಲ್ಲಿ ವಾಹನ ನಿಲ್ಲಿಸಿತು. ಮಕ್ಕಳನ್ನು ಬೀದಿಯಿಂದ ಎತ್ತಿ ಕಾರುಗಳ ನಡುವೆ ಬಿಡುವ ಬದಲು, ಕಾರುಗಳನ್ನು ಬೀದಿಯಿಂದ ಎತ್ತಿದರು. ಇಷ್ಟು ಸರಳವಾದದ್ದು ಹೊಳೆಯಲು ಇಷ್ಟು ವರ್ಷ ಬೇಕಾಯಿತಲ್ಲ!

ಮಕ್ಕಳು ಮನೆ ಮನೆ ತಿರುಗುವುದೇ ಪಾಶ್ಚಾತ್ಯರ ರೋಗವೆಂದು ತಿಳಿದವರು ನಮ್ಮಲ್ಲಿದ್ದಾರೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರನ್ನು ಅವರು ಕೇಳಿನೋಡಲಿ. ಕರಾವಳಿಯ ಎಷ್ಟೋ ಮನೆಗಳಿಗೆ ದೋಹಾ, ಕುವೈತ್ ಪರವೂರುಗಳಲ್ಲ. ರಮಝಾನಿನ ನಡುವಿನ ರಾತ್ರಿ ಕತಾರಿನಲ್ಲಿ 'ಗರಂಗಾವ್', ಕುವೈತಿನಲ್ಲಿ 'ಗರ್ಗೀಆನ್', ಒಮಾನಿನಲ್ಲಿ 'ಖರನ್‌ಖಶೂಹ್'. ಹೊಸ ಬಟ್ಟೆ ತೊಟ್ಟ ಮಕ್ಕಳು ಕೊರಳಿಗೆ ಚೀಲ ನೇತುಹಾಕಿಕೊಂಡು, ಇಫ್ತಾರ್ ಮುಗಿದ ಮೇಲೆ ಹಾಡುತ್ತಾ ಬಾಗಿಲು ತಟ್ಟುತ್ತಾರೆ. ಬಾದಾಮಿ, ಶೇಂಗಾ, ಮಿಠಾಯಿ ಚೀಲಕ್ಕೆ ಬೀಳುತ್ತವೆ. ಎಮಿರೇಟ್ಸ್‌ನಲ್ಲಿ ಇದು ಶಾಬಾನಿನ ನಡುವಿನ 'ಹಕ್ ಅಲ್ ಲೈಲಾ'. ಅದು ಧರ್ಮಸಮ್ಮತವೇ ಎಂದು ತಕರಾರೆತ್ತಿದ ಉಲಮಾಗಳು ಅಲ್ಲಿಯೂ ಇದ್ದಾರೆ. ಆ ಚರ್ಚೆಗೆ ನಾವು ಇಳಿಯುವುದಿಲ್ಲ. ನಮಗೆ ಕಾಣುವುದು ಇಷ್ಟು: ಅಲ್ಲಿಯೂ ಹಬ್ಬ ಬೀದಿಯಿಂದ ಮಾಲ್‌ಗೆ, ಹೋಟೆಲಿಗೆ ಹೊರಟಿದೆ. ಕಂಪೆನಿಯ ಹೆಸರು ಅಚ್ಚಾದ ಡಬ್ಬಿಯಲ್ಲಿ ಬಾದಾಮಿ ಬರುತ್ತಿದೆ. ಒಂದು ವಿಷಯದಲ್ಲಿ ಮಾತ್ರ ಇದರಿಂದ ಒಳಿತೇ ಆಗಿದೆ ಎನ್ನಬೇಕು. ಹಿಂದೆ ಅರಬ್ಬರ ಓಣಿಯ ಗೋಡೆಯ ಆಚೆ ನಡೆಯುತ್ತಿದ್ದುದನ್ನು ಇಂದು ದೋಹಾದ ಕತಾರಾದಂತಹ ಸಾರ್ವಜನಿಕ ಸ್ಥಳದಲ್ಲಿ ಹೊರದೇಶದ ನೌಕರರ ಮಕ್ಕಳೂ ಸೇರಿ ಆಡಬಹುದು. ಎಂದರೆ ಎಲ್ಲ ಬದಲಿಯೂ ಬೇಲಿಯಲ್ಲ. ಯಾರ ಬಾಗಿಲು ಮೊದಲು ಯಾರಿಗೆ ಮುಚ್ಚಿತ್ತು ಎಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ.

ನಮ್ಮ ನಾಡಿಗೂ ಈ ಬಾಗಿಲು ಹೊಸತಲ್ಲ. ಹಳೇ ಮೈಸೂರಿನ ಕಡೆ ದಸರಾ ಸಂಜೆ 'ಗೊಂಬೆ ಕೂರಿಸಿದ್ದೀರಾ?' ಎಂದು ಕೇಳುತ್ತ ಮಕ್ಕಳು ಬೀದಿ ಸುತ್ತಿ ತಿಂಡಿ ಗಿಟ್ಟಿಸುತ್ತಿದ್ದರು. ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಹರಕೆ ಹೊತ್ತ ಮಕ್ಕಳು, ಹಿಂದೂಗಳೂ ಮುಸ್ಲಿಮರೂ, ಫಕೀರರಾಗಿ ಮನೆ ಮನೆ ಬೇಡುವುದುಂಟು. ಈಗ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಹ್ಯಾಲೋವೀನೇ ನಡೆಯುತ್ತದೆ. ಮಕ್ಕಳು ಲಿಫ್ಟಿನಲ್ಲಿ ಹತ್ತಿಳಿದು ಚಾಕಲೇಟು ಕೂಡಿಸುತ್ತಾರೆ. ಆಡಲಿ. ಆದರೆ ಗೇಟಿನಲ್ಲಿ ಹೆಸರು ಬರೆಸಿಕೊಳ್ಳದೆ ಯಾರನ್ನೂ ಬಿಡದ, ಮುಸ್ಲಿಮನೆಂದು ತಿಳಿದೊಡನೆ 'ಮನೆ ಖಾಲಿ ಇಲ್ಲ' ಎನ್ನುವ ಮಾಲೀಕರು ಎಷ್ಟೋ ಇರುವ ಊರಿನಲ್ಲಿ, ಅದು ಕೂಡ ಗೋಡೆ ಕಟ್ಟಿದ ಪಾರ್ಕಿಂಗ್ ಅಂಗಳವೇ.

ಅಮೆರಿಕಕ್ಕೇ ಮರಳೋಣ. ಅಲ್ಲಿ ಬರೆಯದ ನಿಯಮವೊಂದಿದೆ. ಆ ಸಂಜೆ ಜಗಲಿಯ ದೀಪ ಹೊತ್ತಿದ್ದರೆ ಬನ್ನಿ ಎಂದರ್ಥ, ಆರಿದ್ದರೆ ಬೇಡ ಎಂದರ್ಥ. ದೀಪ ಆರಿಸಿದವರನ್ನು ಯಾರೂ ದೂರುವುದಿಲ್ಲ. ತಮ್ಮ ಮಕ್ಕಳಿಗೆ ದೆವ್ವದ ವೇಷ ಬೇಡವೆಂದು ತೀರ್ಮಾನಿಸಿದ ಮುಸ್ಲಿಂ ಕುಟುಂಬಗಳು ಇವೆರಡರ ನಡುವೆ ಕಂಡುಕೊಂಡ ಒಂದು ದಾರಿ ನಮಗೆ ಹಿಡಿಸಿದೆ. ಮಕ್ಕಳನ್ನು ಬೀದಿಗೆ ಕಳಿಸದೆ, ದೀಪವನ್ನು ಮಾತ್ರ ಹೊತ್ತಿಸಿಡುತ್ತಾರೆ. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದನ್ನು ಓದಿ ಬೆಳೆದವರು ಅವರು. ನೆರೆ ಎಂದರೆ ನಾಲ್ಕೂ ದಿಕ್ಕಿಗೆ ನಲ್ವತ್ತು ಮನೆಯೆಂಬ ಹಿರಿಯರ ಎಣಿಕೆಯೂ ಅವರಿಗೆ ಗೊತ್ತು. ಬುಟ್ಟಿಯಲ್ಲಿ ಜೆಲೆಟಿನ್ ಇಲ್ಲದ ಚಾಕಲೇಟು, ಒಂದಷ್ಟು ಖರ್ಜೂರ, ಅಲರ್ಜಿಯ ಮಕ್ಕಳಿಗೆ ಪೆನ್ಸಿಲು. ಗಂಟೆ ಸದ್ದಾದಾಗ ಬಾಗಿಲು ತೆರೆಯುವುದು ಮನೆಯ ಮಗುವೇ. ಹೊರಗೆ ಪುಟ್ಟ ಅಸ್ಥಿಪಂಜರವೊಂದು ನಿಂತಿರುತ್ತದೆ. ಮುಖವಾಡ ಸರಿಸಿದರೆ ಅದು ನಾಳೆ ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗ. ಖರ್ಜೂರ ನೋಡಿ 'ಇದೇನು?' ಎಂದು ಅವನು ಕೇಳುತ್ತಾನೆ.